ಸಕ್ಕರೆ ಹಾಕಿದ ಡಬ್ಬಿ

ನನ್ನ ಮಗಳ ಸಂಶೋಧನೆ ಗರ್ಭಕೋಶದ ಒಳಪದರದ ಬಗ್ಗೆ. ಅಲ್ಲಿನ ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಹೊರಗೆ ಬಿಡುತ್ತವಂತೆ. ಮನೆಯಲ್ಲಿ ನಮಗೆ ಗೊತ್ತಿದ್ದುದು ಅಷ್ಟೇ. ಕಳೆದ ಚಳಿಗಾಲ, ವಿಜಯನಗರದ ನಮ್ಮ ಮಹಿಳಾ ಸಂಘದವರು ಅದರ ಬಗ್ಗೆ ಕನ್ನಡದಲ್ಲಿ ಮಾತಾಡಲು ಅವಳನ್ನು ಕರೆದರು. ಹೂಂ ಅಂದವಳಿಗೆ ಆಮೇಲೆ ಭಯ ಹತ್ತಿತು. ಕಾನ್ವೆಂಟಿನಲ್ಲಿ ಓದಿದ ನನ್ನಿಂದಲೂ ನೆರವಿಲ್ಲ. ವಿಜ್ಞಾನವೆಂದರೆ ನಮ್ಮಿಬ್ಬರ ಬಾಯಿಗೂ ಬರುವುದು ಇಂಗ್ಲಿಷೇ.

ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ, ಅವರೆಕಾಯಿ ಸುಲಿಯುತ್ತಿದ್ದ ನನ್ನ ಅತ್ತೆಯ ಮುಂದೆ ನಿಂತು ಭಾಷಣ ಒಪ್ಪಿಸಿದಳು. ಅತ್ತೆ "ಹೂಂ, ಹೂಂ" ಎನ್ನುತ್ತಲೇ ತೂಕಡಿಸಿದರು. ಬೆರಳುಗಳು ಮಾತ್ರ ಕಾಳು ಬಿಡಿಸುತ್ತಲೇ ಇದ್ದವು.

"ನೋಡಮ್ಮ, ಅಜ್ಜಿಗೇ ಅರ್ಥ ಆಗ್ತಿಲ್ಲ. ನಾಳೆ ಹಾಲ್ ಪೂರ್ತಿ ನಿದ್ದೆ ಮಾಡುತ್ತೆ. ಬರಲ್ಲ ಅಂತ ಫೋನ್ ಮಾಡ್ಬಿಡ್ತೀನಿ."

ಪಕ್ಕದ ಮನೆಯವರು ಗೋಧಿ ಹುಗ್ಗಿ ಕಳಿಸಿದ್ದ ಸ್ಟೀಲ್ ಡಬ್ಬಿಯನ್ನು ಅದೇ ಸಿಟ್ಟಿನಲ್ಲಿ ತೊಳೆದು, ಒರೆಸಿ, ಕೊಟ್ಟುಬರಲು ಹೊರಟಳು. ಅತ್ತೆಗೆ ಥಟ್ಟನೆ ಎಚ್ಚರವಾಯಿತು.

"ಏನೇ, ಖಾಲಿ ಡಬ್ಬಿ ಹಿಡ್ಕೊಂಡು ಹೋಗ್ತೀಯಾ? ಇಷ್ಟು ಓದಿ ಏನ್ ಬಂತೇ? ಒಂದ್ ಹಿಡಿ ಸಕ್ಕರೆ ಆದ್ರೂ ಹಾಕು!"

ಸಕ್ಕರೆಗೆ ಕೈ ಹಾಕಿದ ಮಗಳು ಹಾಗೇ ನಿಂತಳು.

"ಅಜ್ಜೀ, ಇದೇ! ಗರ್ಭಕೋಶದಿಂದ ಭ್ರೂಣಕ್ಕೆ ಹೋಗೋ ಗುಳ್ಳೆನೂ ಡಬ್ಬಿನೇ. ಒಳಗೆ ಪ್ರೊಟೀನು, ಜೊತೆಗೆ 'ಜಾಗ ರೆಡಿ ಇದೆ, ಬಾ' ಅನ್ನೋ ಥರ ಸುದ್ದಿ. ಭ್ರೂಣಾನೂ ತನ್ನ ಕಡೆಯಿಂದ ಕಳಿಸುತ್ತೆ. ಮೊದಲೆಲ್ಲ ಇವನ್ನ ಜೀವಕೋಶ ಎಸೆಯೋ ಕಸ ಅಂದ್ಕೊಂಡಿದ್ರು."

"ಕಸಾನಾ? ಮುಚ್ಚಳ ತೆಗೆದು ನೋಡಿರ್ಲಿಲ್ಲ ಅನ್ನು."

ಮರುದಿನ ಸಂಘದ ಹಾಲಿನಲ್ಲಿ ಅವಳು ಮೊದಲು ಎತ್ತಿ ತೋರಿಸಿದ್ದು ನಮ್ಮನೆಯದೇ ಒಂದು ಸ್ಟೀಲ್ ಡಬ್ಬಿಯನ್ನು. ಯಾರೂ ಆಕಳಿಸಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬರು ಎದ್ದು, ಮೆಲ್ಲಗೆ ಕೇಳಿದರು: "ಗರ್ಭ ನಿಲ್ದಿದ್ರೆ ಹುಡುಗಿ ಮೆಟ್ಲು ಹತ್ತಿದ್ದಕ್ಕೇ ಅಂತಾರಲ್ಲಮ್ಮ?"

"ಇಲ್ಲ ಆಂಟಿ, ಮೆಟ್ಲು ಹತ್ತಿದ್ದಕ್ಕಲ್ಲ. ಒಳಗಿನ ಈ ಕೊಡು-ಕೊಳ್ಳುವಿಕೆ ಎಲ್ಲಿ ತಪ್ಪುತ್ತೆ ಅಂತ ನಾವಿನ್ನೂ ಹುಡುಕ್ತಾ ಇದೀವಿ. ಅದು ಅವಳ ತಪ್ಪಲ್ಲ."

ಆಕೆ ಪಕ್ಕದಲ್ಲಿದ್ದ ಸೊಸೆಯ ಕೈ ಹಿಡಿದು ಕುಳಿತರು.

"ಅಲ್ಲಮ್ಮ, ಭ್ರೂಣ ವಾಪಸ್ ಏನು ಹಾಕಿ ಕಳಿಸುತ್ತೆ?" ಇನ್ನೊಬ್ಬರು ಕೇಳಿದರು. ಮಗಳು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಅತ್ತೆಯ ದನಿ: "'ಬಂದಿದೀನಿ' ಅಂತ ಹೇಳಿ ಕಳಿಸುತ್ತೆ ಕಣಮ್ಮ, ಇನ್ನೇನು!"

ಹಾಲೆಲ್ಲ ನಗು, ಚಪ್ಪಾಳೆ. ಮಗಳು ಮೈಕಿನಲ್ಲೇ ಅಂದಳು, "ಅಜ್ಜಿ ಹೇಳಿದ್ದು ಸರಿ."

ಅತ್ತೆ ಸೆರಗು ಸರಿಮಾಡಿಕೊಂಡು, ಕೇಳಿಸಿತಾ ಎನ್ನುವಂತೆ ಒಂದು ಸಲ ಹಿಂದೆ ತಿರುಗಿ ನೋಡಿದರು.