ಎರಡೂ ಕೈ ಕೇಳುವ ಮೆಷಿನ್ನು

ಅಣ್ಣ ಅತ್ತಿಗೆಗೆ ಮೊದಲ ಸಲ ಹೊಡೆದದ್ದು ಮದುವೆಯಾದ ಹನ್ನೊಂದನೇ ದಿನ. ನಾನು ಎದ್ದು ಹೋಗಿ ಟೀವಿ ಸೌಂಡ್ ಜೋರು ಮಾಡಿದೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ನನ್ನನ್ನು ಏನೋ ದೊಡ್ಡ ಸಾಚಾ ಹೆಂಗಸು ಅಂದುಕೊಳ್ಳಬಾರದು. ಆರು ವರ್ಷ ನಾನು ಮಾಡಿದ್ದು ಅದೇ ಕೆಲಸ. ಒಳಗೆ ಏಟು ಬೀಳುವಾಗ ಅಮ್ಮ ಪಾತ್ರೆ ತೊಳೆಯೋಳು, ನಾನು ಸೌಂಡ್ ಏರಿಸೋಳು. ಪಕ್ಕದ ಮನೆಯವರು ನಮಗೆ ಸೀರಿಯಲ್ ಹುಚ್ಚು ಅಂದುಕೊಂಡಿದ್ದರು.

ಅವರದು ಲವ್ ಮ್ಯಾರೇಜು. ಅತ್ತಿಗೆಯ ಅಪ್ಪ ಎಂಥ ಆಸಾಮಿ ಅಂದರೆ ಮಗಳು ಕಿಟಕಿ ಹತ್ತಿರ ನಿಂತರೂ ಕೆಮ್ಮುತ್ತಿದ್ದನಂತೆ. ಅಣ್ಣ ಆಗ ವ್ಯಾನ್ ಓಡಿಸ್ತಿದ್ದ, ಬಾಯಿ ತೆರೆದರೆ ತಮಾಷೆ. ಕಾಲೇಜು ಬ್ಯಾಗಿನಲ್ಲಿ ಎರಡು ಜತೆ ಬಟ್ಟೆ ತುರುಕಿಕೊಂಡು ಇವಳು ಆ ವ್ಯಾನ್ ಹತ್ತಿಬಿಟ್ಟಳು. "ಉಸಿರಾಡೋಣ ಅಂತ ಬಂದೆ ಕಣೇ," ಅಂದಿದ್ದಳು ಮೊದಲ ವಾರ, ನನ್ನ ಪಕ್ಕ ಕೂತು ತಲೆ ಬಾಚಿಕೊಳ್ತಾ. ಹನ್ನೊಂದನೇ ದಿನ ಫೋನಿನಲ್ಲಿ ಗೆಳತಿಯ ಜತೆ ಸ್ವಲ್ಪ ಜೋರಾಗಿ ನಕ್ಕಳು. ಅಷ್ಟೇ ತಪ್ಪು.

ಅಣ್ಣನ ಬಲಗೈ ನನಗೆ ಚೆನ್ನಾಗಿ ಗೊತ್ತು. ಹೆಬ್ಬೆರಳಲ್ಲಿ ಅರ್ಧ ಉಗುರು ಮಾತ್ರ ಇದೆ. ಐದು ವರ್ಷದವಳಿದ್ದಾಗ ಬಾಗಿಲು ದಡಾರ್ ಅಂತ ಹಾಕಿ ಅದನ್ನ ಜಜ್ಜಿದವಳು ನಾನೇ, ಅವನು ಅಮ್ಮನ ಹತ್ತಿರ ನನ್ನ ಹೆಸರು ಹೇಳಲಿಲ್ಲ. ಆ ಕೈ ಹಿಡಿದೇ ನಾನು ಸ್ಕೂಲಿಗೆ ರಸ್ತೆ ದಾಟಿದ್ದು. ಅಪ್ಪ ಸತ್ತ ದಿನ ನನ್ನ ಬಾಯಿಗೆ ತುತ್ತಿಟ್ಟದ್ದು ಆ ಕೈ. ನನ್ನ ಗಂಡ ಬಿಟ್ಟು ಹೋದಾಗ ನನ್ನ ಟ್ರಂಕು ಹೊತ್ತು ತಂದು ಮನೆಯೊಳಗಿಟ್ಟದ್ದೂ ಆ ಕೈಯೇ. ಅದೇ ಕೈ ಅತ್ತಿಗೆಯ ಜಡೆಯನ್ನು ಎರಡು ಸುತ್ತು ಸುತ್ತಿಕೊಂಡು ತಲೆಯನ್ನು ಗೋಡೆಗೆ ಬಡೀತಿತ್ತು. ಯಾವ ಅಣ್ಣ ನಿಜ ಅಂತ ಕೇಳಬೇಡಿ. ಇಬ್ಬರೂ ನಿಜ.

ವ್ಯಾನಿನ ಓನರಿಗೂ ಕೈಮಾಡಿ ಅವನು ಕೆಲಸ ಕಳಕೊಂಡ. ಆಗ ನಾನು ಅತ್ತಿಗೆಯನ್ನು ನನ್ನ ಫ್ಯಾಕ್ಟರಿಗೆ ಸೇರಿಸಿದೆ. ಡಬ್ಬಿಗಳಿಗೆ ಮುಚ್ಚಳ ಮಾಡುವ ಜಾಗ ಅದು. ಹನ್ನೆರಡು ಪ್ರೆಸ್ಸು, ಹನ್ನೆರಡು ಹೆಂಗಸರು. ತಗಡನ್ನು ಅಚ್ಚಿನ ಮೇಲಿಡಬೇಕು, ಬಟನ್ ಒತ್ತಬೇಕು, ಮೇಲಿನಿಂದ ಅಷ್ಟು ದಪ್ಪ ಕಬ್ಬಿಣ ಧಡ್ ಅಂತ ಬಿದ್ದು ಮುಚ್ಚಳ ಕತ್ತರಿಸುತ್ತೆ. ಬಟನ್ ಎರಡು, ಎಡಕ್ಕೊಂದು, ಬಲಕ್ಕೊಂದು, ಸೊಂಟದ ಎತ್ತರಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೆಷಿನ್ ಬೀಳೋದು. ಎರಡೂ ಕೈ ಬಟನ್ ಮೇಲಿದ್ದರೆ ಅಚ್ಚಿನೊಳಗೆ ಕೈ ಇರೋಕಾಗಲ್ಲವಲ್ಲ, ಅದಕ್ಕೆ ಆ ಏರ್ಪಾಟು.

ಆದರೆ ಹಾಗೆ ಮಾಡುತ್ತ ಕೂತರೆ ದಿನದ ಲೆಕ್ಕ ಮುಟ್ಟಲ್ಲ. ಹಾಗಾಗಿ ನಾವೆಲ್ಲ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಎಡಗಡೆ ಬಟನ್ನನ್ನು ಯಾವಾಗಲೂ ಒತ್ತಿಯೇ ಇರೋ ಹಾಗೆ ಕಟ್ಟಿಬಿಡ್ತಿದ್ದೆವು. ಆಮೇಲೆ ಒಂದು ಕೈ ತಗಡು ಹಾಕುತ್ತೆ, ಒಂದು ಕೈ ಒತ್ತುತ್ತೆ. ಸೂಪರ್‌ವೈಸರ್‌ಗೂ ಗೊತ್ತು. ಮಾತಿಗೆ ಮುಂಚೆ ಸೀಟಿ ಊದುವ ಆಸಾಮಿಯಾದ್ದರಿಂದ ಅವನನ್ನು ನಾವು ಸೀಟಿ ಅಂತಲೇ ಕರೀತಿದ್ದೆವು. ಇನ್‌ಸ್ಪೆಕ್ಷನ್ ಇದ್ದ ದಿನ ಮಾತ್ರ ಬಂದು, "ಬಿಚ್ರಮ್ಮಾ ನಿಮ್ಮ ರಬ್ಬರ್ ಒಡವೆನಾ," ಅನ್ನೋನು.

ಕಟ್ಟದೇ ಇದ್ದವಳು ಅತ್ತಿಗೆ ಒಬ್ಬಳೇ. ಎಷ್ಟು ರೇಗಿಸಿದರೂ ಕಟ್ಟಲಿಲ್ಲ. "ನಿನ್ನ ಮೆಷಿನ್ನಿಗೆ ಪೂಜೆನೂ ಮಾಡಮ್ಮ," ಅಂತ ಒಂದು ಸಲ ನಾನೇ ಸಿಡುಕಿದೆ. ಅವಳು ಬಟನ್ನುಗಳ ಮೇಲೆ ಎರಡೂ ಕೈ ಇಟ್ಟು ನಕ್ಕಳು. "ನೋಡೇ, ಇದು ಹೊಡೆಯೋಕೆ ಮುಂಚೆ ನನ್ನ ಕೇಳುತ್ತೆ. ನಾನು ಹ್ಞೂಂ ಅನ್ನೋ ತನಕ ಕಾಯುತ್ತೆ. ನನ್ನ ಜೀವಮಾನದಲ್ಲಿ ಇಷ್ಟು ಮರ್ಯಾದಸ್ಥರನ್ನ ನಾನು ನೋಡಿಲ್ಲ." ನನಗೂ ನಗು ಬಂತು. ಆಮೇಲೆ ಊಟದ ಡಬ್ಬಿ ತೆರೆಯದೇ ಹಾಗೇ ಮನೆಗೆ ಒಯ್ದೆ.

ಏಟು ತಿಂದು ತಿಂದು ಅವಳು ಕಂಡುಕೊಂಡ ಒಂದೇ ಜಾಗ ಬಚ್ಚಲುಮನೆ. ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಅಣ್ಣ ಬಾಗಿಲು ಒದ್ದು ಒದ್ದು ಸುಸ್ತಾಗಿ ಮಲಗೋನು. ಒಂದು ಭಾನುವಾರ ಬೆಳಿಗ್ಗೆ ಅವನು ಸ್ಕ್ರೂಡ್ರೈವರ್ ತಂದು, ಹಾಡು ಗುನುಗಿಕೊಂಡು, ಆ ಚಿಲಕವನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆ ವಾರವೇ ಕಬ್ಬಿಣದ ಸ್ಟೂಲು ಎತ್ತಿ ಅವಳ ಬೆನ್ನಿಗೆ ಹಾಕಿದ. ಭುಜದ ಹತ್ತಿರ ಮೂಳೆ ಲಟಕ್ ಅಂದ ಶಬ್ದ ಟೀವಿ ಸೌಂಡನ್ನೂ ದಾಟಿ ನನ್ನ ಕಿವಿಗೆ ಬಂತು. ಅಮ್ಮ, "ಸ್ವಲ್ಪ ಸುಮ್ಮನಿರೋದು ಕಲ್ತುಕೋ ತಾಯೀ," ಅಂದಳು. ಅಣ್ಣನಿಗಲ್ಲ, ಸೊಸೆಗೆ.

ಆಮೇಲೆ ಅತ್ತಿಗೆ ಬೇರೇನೂ ಕೇಳಲಿಲ್ಲ. ಒಳಗಿಂದ ಚಿಲಕ ಇರುವ ಒಂದು ರೂಮು ಬೇಕು ಅಂದಳು, ಅಷ್ಟೇ. ಆರು ತಿಂಗಳು ಊಟದ ಬಿಡುವಿನಲ್ಲಿ ಬೀದಿ ಬೀದಿ ಅಲೆದಳು. ಒಂಟಿ ಹೆಂಗಸು ಅಂದರೆ ಯಾರು ಕೊಡ್ತಾರೆ? ಕೊನೆಗೆ ಒಬ್ಬಳು ಟೈಲರಮ್ಮ ಅಂಗಡಿ ಮೇಲಿನ ರೂಮು ಕೊಡೋಕೆ ಒಪ್ಪಿದಳು. ಒಂದು ಕಿಟಕಿ, ಒಂದು ನಲ್ಲಿ, ಬೆರಳು ದಪ್ಪದ ಚಿಲಕ.

"ಎರಡು ಚಾಪೆ ಹಿಡಿಯುತ್ತೆ ಕಣೇ. ನೀನೂ ಬಾ," ಅಂದಳು.

"ನಾನ್ಯಾಕೆ ಬರ್ಲಿ? ನಂಗೇನಾಗಿದೆ?"

"ಆ ಟೀವಿ ಕೇಳಿ ಕೇಳಿ ಕಿವುಡಿ ಆಗ್ತಿದ್ದೀಯ."

ನಾನು ಮೂರು ದಿನ ಅವಳ ಜತೆ ಮಾತು ಬಿಟ್ಟೆ. ನಿಜ ಹೇಳಿದರೆ ನನಗೆ ಹಾಗೇ, ಮೈಯೆಲ್ಲ ಉರಿಯುತ್ತೆ.

ಹೊರಡುವ ದಿನ ಗುರುವಾರ. ಐದು ಗಂಟೆಗೆ ಸೀಟಿ ಊದಿದ ತಕ್ಷಣ ಮನೆ ಕಡೆ ತಿರುಗದೆ ಅವಳು ಸೀದಾ ರೂಮಿಗೆ ಹೋಗೋದು ಅಂತ ಮಾತಾಗಿತ್ತು. ಅದೇ ಹಳೇ ಕಾಲೇಜು ಬ್ಯಾಗು ಅವಳ ಮೆಷಿನ್ ಕೆಳಗಿತ್ತು. ಊಟದ ಬಿಡುವಿನಲ್ಲಿ ಕೀಲಿ ತರೋಕೆ ಹೋದವಳು ಬೆಲ್ ಆದರೂ ಬರಲಿಲ್ಲ. ಲೆಕ್ಕ ನೋಡಿದರೆ ನಾನೂರು ಮುಚ್ಚಳ ಬಾಕಿ. ಬಾಕಿ ಉಳಿದರೆ ಸೀಟಿ ಅವಳನ್ನು ಐದಕ್ಕೆ ಬಿಡಲ್ಲ. ಅಣ್ಣ ದಿನಾ ಐದೂವರೆಗೆ ಅವಳನ್ನು ಕರಕೊಂಡು ಹೋಗೋಕೆ ಗೇಟಿಗೆ ಬಂದು ನಿಲ್ಲುತ್ತಾನೆ.

ನಾನೇನು ಮಾಡಿದೆ? ನನ್ನ ಮೆಷಿನ್ ಬಿಟ್ಟು ಅವಳದರ ಮುಂದೆ ಕೂತೆ. ನನ್ನ ಟ್ಯೂಬು ತಂದು ಅವಳ ಎಡಗಡೆ ಬಟನ್ನಿಗೆ ಮೂರು ಗಂಟು ಹಾಕಿ ಬಿಗಿದೆ. ಮುಕ್ಕಾಲು ಗಂಟೆಯಲ್ಲಿ ನಾನೂರೂ ಮುಗಿಸಿದೆ. ಬೆವರು ಸುರೀತಿತ್ತು, ಆದರೂ ಖುಷಿ. ಆರು ವರ್ಷದಲ್ಲಿ ಅವಳಿಗೆ ಅಂತ ನಾನು ಮಾಡಿದ ಮೊದಲ ಒಳ್ಳೇ ಕೆಲಸ ಅದು.

ಅತ್ತಿಗೆ ಓಡುತ್ತ ಬಂದಳು. ಮುಷ್ಟಿ ಬಿಚ್ಚಿ ಕೀಲಿ ತೋರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಆ ಮೊದಲ ವಾರದ ಮೇಲೆ ನೋಡಿರಲಿಲ್ಲ. ನಾನು ಎದ್ದೆ. ಟ್ಯೂಬು ಬಿಚ್ಚೋಣ ಅಂತ ಬಗ್ಗಬೇಕು, ಅಷ್ಟರಲ್ಲಿ ಅವಳ ಹಿಂದೆ ಬಾಗಿಲಲ್ಲಿ ಅಣ್ಣ ಕಾಣಿಸಿದ. ಹಗ್ಗದ ಮೇಲಿನ ಅತ್ತಿಗೆಯ ಬಟ್ಟೆ ಕಾಣೆಯಾದದ್ದನ್ನು ಅಮ್ಮ ಅವನ ಕಿವಿಗೆ ಹಾಕಿದ್ದಳಂತೆ.

ಬಂದವನೇ ಅವಳ ಜಡೆ ಹಿಡಿದ. ಮೊದಲ ಏಟಿಗೆ ಅವಳ ತುಟಿ ಒಡೆಯಿತು, ಎರಡನೆಯದಕ್ಕೆ ಮುಚ್ಚಳದ ರಾಶಿ ಮೇಲೆ ಬಿದ್ದಳು. ತಗಡಿನ ಅಂಚು ಕೆನ್ನೆ ಸೀಳಿತು. ನಾನು ಅಡ್ಡ ಹೋದೆ. ಎದೆಗೆ ಒದ್ದ, ಮೆಷಿನ್ನಿನ ಎಡಗಡೆ ಹೋಗಿ ಬಿದ್ದೆ. ಉಳಿದ ಹತ್ತು ಜನ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಸೀಟಿ ಎಲ್ಲಿದ್ದನೋ. "ಓಡಿ ಹೋಗ್ತೀಯಾ? ನಡಿ, ಮನೆಗೆ ನಡಿ. ಇವತ್ತು ಕಾಲು ಮುರೀತೀನಿ," ಅಂತ ಅಣ್ಣ ಅವಳನ್ನು ಎಳೆಯೋಕೆ ಶುರುಮಾಡಿದ.

ಆಗ ಅತ್ತಿಗೆ ತನ್ನ ಮೆಷಿನ್ನನ್ನು ಹಿಡಿದುಕೊಂಡಳು. ಎರಡೂ ಕೈ ಒಳಗೆ ಹಾಕಿ ಅಚ್ಚನ್ನೇ ತಬ್ಬಿ ಹಿಡಿದಳು. ಲೋಕದಲ್ಲಿ ಅದೊಂದೇ ತನ್ನನ್ನು ಕೇಳದೆ ಹೊಡೆಯಲ್ಲ ಅಂತ ಅವಳು ನಂಬಿದ್ದಳು. ಮೋಟರು ಓಡ್ತಾ ಇತ್ತು. ಅಣ್ಣ ಬಲಗಡೆಯಿಂದ ಬಗ್ಗಿ, ತನ್ನ ಬಲಗೈಯನ್ನೂ ಒಳಗೆ ತುರುಕಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಅವನ ಸೊಂಟ ಬಲಗಡೆ ಬಟನ್ನಿನ ಹತ್ತಿರ ಹತ್ತಿರ ಹೋಗ್ತಿತ್ತು.

ಎಡಗಡೆ ಬಟನ್ ನಾನು ಕಟ್ಟಿದ್ದು. ಆ ಇಡೀ ಹಾಲಿನಲ್ಲಿ ಅದು ನೆನಪಿದ್ದವಳು ನಾನೊಬ್ಬಳೇ.

ಮೂರು ಗಂಟು ಬಿಚ್ಚೋಕೆ ಟೈಮಿರಲಿಲ್ಲ. ನೆಗೆದು ಅತ್ತಿಗೆಯ ಎರಡೂ ಮುಂಗೈ ಹಿಡಿದು, ಕಾಲನ್ನು ಮೆಷಿನ್ನಿಗೆ ಕೊಟ್ಟು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದೆ. ಇಬ್ಬರೂ ಹಿಂದಕ್ಕೆ ಉರುಳಿದೆವು. ಹಿಡಿತ ತಪ್ಪಿದ ಅಣ್ಣ ಮುಂದಕ್ಕೆ ಮುಗ್ಗರಿಸಿದ. ಸೊಂಟ ಬಟನ್ನಿಗೆ ತಗುಲಿತು. ಧಡ್ ಅಂತು.

ಆ ಕೂಗನ್ನು ಯಾವ ಟೀವಿಯೂ ಮುಚ್ಚುತ್ತಿರಲಿಲ್ಲ. ರಕ್ತ ನನ್ನ ಮುಖಕ್ಕೆ ಹಾರಿತು, ಬಿಸಿಯಾಗಿತ್ತು. ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು, ಅರ್ಧ ಉಗುರಿನದು. ಎಲ್ಲಿಂದಲೋ ಬಂದ ಸೀಟಿ ಏನು ಮಾಡಬೇಕೋ ತೋಚದೆ ಸೀಟಿ ಊದುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಅಣ್ಣ ಪೊಲೀಸರಿಗೆ ಹೇಳಿಕೆ ಕೊಟ್ಟ. "ನನ್ನ ಹೆಂಡತಿ ಬೇಕಂತಲೇ ಬಟನ್ ಕಟ್ಟಿದಾಳೆ, ನನ್ನ ಸಾಯಿಸೋಕೆ." ಸೀಟಿ ಫ್ಯಾಕ್ಟರಿ ಉಳಿಸಿಕೊಳ್ಳೋಕೆ, ನಮ್ಮಲ್ಲಿ ಯಾರೂ ಬಟನ್ ಕಟ್ಟಲ್ಲ ಸಾರ್, ಇವಳೇ ಮಾಡಿರಬೇಕು ಅಂದ. ಹತ್ತು ಜನ ಹೆಂಗಸರು ತಮ್ಮ ತಮ್ಮ ಟ್ಯೂಬು ಬಿಚ್ಚಿ ಸೆರಗಲ್ಲಿ ಮುಚ್ಚಿಕೊಂಡು ಬಾಯಿಗೆ ಬೀಗ ಹಾಕಿಕೊಂಡರು. ಅವರನ್ನು ಬೈಯೋಕೆ ನನಗೇನು ಮುಖವಿದೆ? ನಾನೂ ಒಂದು ದಿನ ಬಾಯಿ ಬಿಡಲಿಲ್ಲ. ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡ ಅತ್ತಿಗೆಯನ್ನು ಸ್ಟೇಷನ್ನಿಗೆ ಕರಕೊಂಡು ಹೋದರು.

ಮಾರನೇ ದಿನ ನನ್ನನ್ನೂ ಕರೆಸಿದರು. ಹೊರಡುವಾಗ ಅಮ್ಮ ನನ್ನ ಗಲ್ಲ ಹಿಡಿದು, "ಅವಳೇ ಕಟ್ಟಿದ್ದನ್ನ ನೋಡಿದೆ ಅಂತ ಹೇಳಮ್ಮ. ಒಂದು ಮಾತು. ನಿಮ್ಮಣ್ಣ ನಿಂಗೆ ಏನೇನು ಮಾಡಿದಾನೆ ನೆನಪಿಸ್ಕೋ," ಅಂದಳು. ನೆನಪಿಸಿಕೊಂಡೆ. ದಾರಿಯುದ್ದಕ್ಕೂ ಅದೇ ನೆನಪಿಸಿಕೊಂಡು ಹೋದೆ.

ಅತ್ತಿಗೆ ಸ್ಟೇಷನ್ ಬೆಂಚಿನ ಮೇಲೆ ಮುಷ್ಟಿ ಬಿಗಿದು ಕೂತಿದ್ದಳು. ಆ ಕೀಲಿ ಅದರೊಳಗಿತ್ತು. ಪೊಲೀಸಮ್ಮ ನನ್ನ ಕಡೆ ತಿರುಗಿ ಗೊಣಗಿದಳು. "ನಿನ್ನೆಯಿಂದ ಒಂದೇ ಮಾತು, ನಾನು ಕಟ್ಟಿಲ್ಲ ಅಂತ. ಮತ್ಯಾರು ಕಟ್ಟಿದ್ದು ಅಂದ್ರೆ ಬಾಯೇ ಬಿಡ್ತಿಲ್ಲ ಮಾರಾಯ್ತಿ."

ಕಟ್ಟಿದ್ದು ಯಾರು ಅಂತ ಅವಳು ಆಮೇಲೆ ಊಹಿಸಿದ್ದಳು. ಅವಳು ಬಂದಾಗ ಅವಳ ಮೆಷಿನ್ನಿನ ಮುಂದಿನಿಂದ ಎದ್ದವಳು ನಾನೇ ಅಲ್ಲವಾ? ನನ್ನ ಹೆಸರು ಹೇಳಿದ್ದರೆ ಆ ರಾತ್ರಿಯೇ ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಮಲಗಬಹುದಿತ್ತು.

"ಬರ್ಕೊಳ್ಳಿ. ಕಟ್ಟಿದ್ದು ನಾನು. ಅವಳಿಗೆ ಗೊತ್ತೂ ಇರಲಿಲ್ಲ," ಅಂದೆ. ಅತ್ತಿಗೆ ತಲೆ ಎತ್ತಿ, "ಬೇಡ ಕಣೇ," ಅಂದಳು. "ನೀನು ಸುಮ್ನಿರೇ, ಹೊಲಿಗೆ ಬಿಚ್ಚುತ್ತೆ," ಅಂತ ಗದರಿದೆ. ಆಮೇಲೆ ಇಬ್ಬರೂ ಅಲ್ಲೇ ಅತ್ತೆವು. ಅವಳನ್ನು ಸಂಜೆ ಬಿಟ್ಟರು. ನನ್ನ ಮೇಲೆ ಕೇಸಾಯಿತು, ಅದಿನ್ನೂ ನಡೀತಿದೆ. ಇಬ್ಬರ ಕೆಲಸವೂ ಹೋಯಿತು. ಈಗ ಆ ಟೈಲರಮ್ಮನ ಹತ್ತಿರವೇ ಬಟ್ಟೆಗೆ ಗುಂಡಿ ಹಾಕ್ತೀವಿ.

ಹೇಳಿಕೆ ಕೊಟ್ಟ ದಿನವೇ ನನ್ನ ಟ್ರಂಕು ತಗೊಳ್ಳೋಕೆ ಮನೆಗೆ ಹೋದೆ. ಅಮ್ಮ ಹೊಸ್ತಿಲಲ್ಲಿ ಅಡ್ಡ ನಿಂತಳು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಬರೀ ಕೇಳಿದಳು. "ಹೋಗ್ಲಿ, ಅವನನ್ನೂ ಎಳೆಯೋಕೆ ಕೈ ಇರಲಿಲ್ಲ. ಬಾಯಿ ಇತ್ತಲ್ಲೇ? ಅಣ್ಣಾ, ಕೈ ತೆಗಿ ಅಂತ ಒಂದು ಸಲ ಕೂಗೋಕಾಗ್ಲಿಲ್ವಾ? ಅಲ್ಲಿರೋದು ನಿಮ್ಮಣ್ಣನ ಕೈ ಅಂತ ಗುರುತು ಸಿಗ್ಲಿಲ್ವಾ ನಿಂಗೆ?"

ಟ್ರಂಕು ಭಾರ ಇತ್ತು. ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಸಿಕ್ತಮ್ಮಾ," ಅಂದೆ. "ಗುರುತು ಸಿಕ್ಕಿದ್ದಕ್ಕೇ ಕೂಗಲಿಲ್ಲ."