ಮೇಷ್ಟ್ರು ನನ್ನನ್ನು ಮೊಸಳೆ ಅಂದರೇ?

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಮ್ಮ ಮನೆ ಬಾಗಲಗುಂಟೆಯಲ್ಲಿತ್ತು. ಅಪ್ಪ ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ಸಂಜೆ ಅವರಿಗಿಂತ ಮೊದಲೇ ಎಣ್ಣೆ, ಕಾದ ಕಬ್ಬಿಣದ ವಾಸನೆ ಮನೆಯೊಳಗೆ ಬರುತ್ತಿತ್ತು. ಅಂಗಿ ಕೊಡವಿದರೆ ಕಬ್ಬಿಣದ ಸಣ್ಣ ಸುರುಳಿಗಳು ನೆಲಕ್ಕೆ ಉದುರುತ್ತಿದ್ದವು. ಆ ಅಂಗಿಯ ಬಗ್ಗೆಯೇ ನನ್ನ ಮೊದಲ ಪದ್ಯ ಬರೆದೆ.

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಹಳೆಯ ಪದಗಳ ಹುಚ್ಚು. ಪದ್ಯವನ್ನು ಅವರಿಗೆ ಓದಲು ಕೊಟ್ಟಿದ್ದೆ. ಅವರು ನೋಟ್‌ಬುಕ್ ವಾಪಸ್ ಕೊಟ್ಟಾಗ ಪದ್ಯದ ಕೆಳಗೆ, ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೇ ಪದವಿತ್ತು: ‘ಮಕರ್’. ಓಡಿ ಬಂದು ಅಕ್ಕನಿಗೆ ತೋರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಮಕರ ಅಂದ್ರೆ ಮೊಸಳೆ ಕಣೇ! ಅಷ್ಟುದ್ದ ಬಾಯಿ ಬಿಡ್ತೀಯ ಅಂತ ಬರ್ದಿದ್ದಾರೆ.”

ಅವಮಾನದಿಂದ ಅಳು ಬಂತು. ಹಾಳೆ ಹರಿಯಲು ಕೈ ಹಾಕಿದೆ. ಆದರೆ ಅದರಲ್ಲಿ ಅಪ್ಪನ ಅಂಗಿ ಇತ್ತಲ್ಲ! ಹರಿಯುವುದಾದರೆ ಮೇಷ್ಟ್ರನ್ನು ಕೇಳಿಯೇ ಹರಿಯುವುದು ಎಂದು ಹಟ ಹಿಡಿದೆ. ಭಾನುವಾರ ಅಪ್ಪನ ಸೈಕಲ್ ಹಿಂದೆ ಕೂತು ಮೇಷ್ಟ್ರ ಮನೆಗೇ ಹೋದೆ.

“ಸಾರ್, ಪದ್ಯ ಚೆನ್ನಾಗಿಲ್ದಿದ್ರೆ ಹಂಗೇ ಹೇಳಿ. ಮೊಸಳೆ ಅಂತ ಯಾಕ್ ಬರ್ದ್ರಿ?”

ಮೇಷ್ಟ್ರು ಕಕ್ಕಾಬಿಕ್ಕಿಯಾದರು. “ಅಯ್ಯೋ, ಮೊಸಳೆ ಅಲ್ಲಮ್ಮ! ಸ್ಕಾಟ್ಲೆಂಡ್ ಜನ ಹಿಂದೆ ಕವೀನ ಹಂಗೆ ಕರೀತಿದ್ರು. ಇಂಗ್ಲಿಷ್‌ನಲ್ಲಿ ಮೇಕರ್ ಅಂತೀವಲ್ಲ, ಅದೇ ಪದ ಅವರ ಬಾಯಲ್ಲಿ ಮಕರ್. ಮಾಡೋರು, ಕಟ್ಟೋರು ಅಂತ ಅರ್ಥ. ನಾವೂ ಹಾಡು ಕಟ್ಟೋದು ಅಂತೀವಲ್ಲ, ಹಂಗೇ.”

ಬಾಗಿಲಲ್ಲೇ ನಿಂತಿದ್ದ ಅಪ್ಪ, “ಹಂಗಾದ್ರೆ ನಾನೂ ದಿನಾ ಮಾಡೋನೇ ಸಾರ್,” ಎಂದು ನಕ್ಕರು.

ಬರುವಾಗ ದಾರಿಯಲ್ಲಿ ಸೈಕಲ್ ನಿಲ್ಲಿಸಿ, ನನ್ನಿಂದ ಪದ್ಯ ಓದಿಸಿದರು. ಅವರ ಕಣ್ಣು ತುಂಬಿದ್ದು ನೋಡಿ ನನಗೆ ಎಲ್ಲಿಲ್ಲದ ಹೆಮ್ಮೆಯಾಯಿತು. ಆಮೇಲೆ ಹೇಳಿದರು: “ಮೂರನೇ ಸಾಲು ಸ್ವಲ್ಪ ಅಲ್ಲಾಡ್ತದೆ. ಬಿಚ್ಚಿ ಇನ್ನೊಂದ್ಸಲ ಕೂರ್ಸು.” ವಾರವಿಡೀ ಅದನ್ನು ಬಿಚ್ಚಿ ಬಿಚ್ಚಿ ಕೂರಿಸಿದೆ.

ಈಗ ನೀವು ಫೋನನ್ನು ಕೇಳಿದರೆ ಪದದ ಅರ್ಥ, ಹುಟ್ಟು ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ನನಗದು ಖುಷಿಯೇ. ಆದರೆ ಮೊನ್ನೆ ಶಾಲೆಗೆ ಬೇಕಿದ್ದ ಪದ್ಯವನ್ನೂ ಅದರ ಕೈಲೇ ಬರೆಸಿದ್ದಿರಿ. ಅದನ್ನು ಅಳಿಸಿದವಳು ನಾನೇ. ಮುಖ ಊದಿಸಿಕೊಳ್ಳಿ, ಪರವಾಗಿಲ್ಲ. ಒಂದೇ ಸಾಲಾಗಲಿ, ಸೊಟ್ಟಗೇ ಇರಲಿ, ನೀವೇ ಕಟ್ಟಿ ತನ್ನಿ. ಅಲ್ಲಿಯವರೆಗೆ ಈ ಅಜ್ಜಿ ಜಗ್ಗುವವಳಲ್ಲ.