ಅಪ್ಪನ ಬಲಗಿವಿ, ದೊಡ್ಡಪ್ಪನ ಮೂಗು

ಕುಡಿಯದ ಮನುಷ್ಯ ನಮ್ಮ ಅಪ್ಪನ ಹಾಗೆ ತೂರಾಡಲು ಸಾಧ್ಯವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ. ನಾನು ಡಿಗ್ರಿ ಮುಗಿಸುವುದೂ ಸಾಧ್ಯವಿಲ್ಲ ಎಂದಿದ್ದರು. ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಮುಗಿಸಿದೆ. ನಮ್ಮ ಮನೆತನದಲ್ಲಿ ಮೊದಲು ಮುಗಿಸಿದವಳು ನಾನೇ.

ದೊಡ್ಡಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಅಪ್ಪ ಅವರ ಕೈಕೆಳಗೆ ಪ್ಯಾಕಿಂಗ್ ಕೆಲಸಕ್ಕಿದ್ದ. ಅವತ್ತು ನನಗೆ ರಜೆ, ಅಪ್ಪನಿಗೆ ಬುತ್ತಿ ಒಯ್ದಿದ್ದೆ. ನನ್ನ ಕಣ್ಣೆದುರೇ ಅಪ್ಪ ತಲೆ ಸುತ್ತಿ ಗೇಟಿನ ಹತ್ತಿರ ಬಿದ್ದ, ವಾಂತಿ ಮಾಡಿಕೊಂಡ. ದೊಡ್ಡಪ್ಪ ಒಂದು ಲೋಟ ನೀರು ಕೊಡಲಿಲ್ಲ. ಕೆಲಸಗಾರರೆಲ್ಲ ನೋಡುತ್ತಿದ್ದಂತೆ ತಮ್ಮನ ಗದ್ದ ಹಿಡಿದೆತ್ತಿ, "ಊದಲೇ" ಎಂದು ಬಾಯಿಗೆ ಮೂಗು ಹಚ್ಚಿದರು. ಅಲ್ಲಿದ್ದದ್ದು ಬರೀ ವಾಂತಿಯ ಹುಳಿ ನಾತ.

"ಏಲಕ್ಕಿ ಅಗದು ವಾಸ್ನೆ ಮುಚ್ಚ್ಯಾನೆ. ಡಾಕ್ಟರ್ ಸರ್ಟಿಫಿಕೇಟ್ ತರೋತಂಕ ಒಳಗೆ ಕಾಲಿಡಬ್ಯಾಡ."

ಬುತ್ತಿಯ ಜೊತೆ ಒಯ್ದಿದ್ದ ನೀರಿನಲ್ಲಿ ನಾನೇ ಅಪ್ಪನ ಬಾಯಿ ತೊಳೆದೆ.

ಅಪ್ಪನ ಬಲಗಿವಿ ಮಂದವಾಗುತ್ತಾ ಬಂದಿತ್ತು. ತಲೆ ತಿರುಗುವ ಮೊದಲು ಅದರೊಳಗೆ ಗುಂಯ್ ಅನ್ನುತ್ತದೆ ಎನ್ನುತ್ತಿದ್ದ. ನಾವು ಬೆಳ್ಳುಳ್ಳಿ ಎಣ್ಣೆ ಬಿಟ್ಟು ಸುಮ್ಮನಿದ್ದೆವು. ಈ ಸಲ ತೋರಿಸಿದಾಗ ಕಿವಿ ಡಾಕ್ಟರು ಒಳಗಿವಿಯ ಎಂಆರ್‌ಐ ಬರೆದುಕೊಟ್ಟರು. ನಾನು ಓದಿದ್ದೂ ದಾವಣಗೆರೆಯ ಆಸ್ಪತ್ರೆಯಲ್ಲಿ ದಿನಾ ಮಾಡುವುದೂ ಅದೇ, ಸ್ಕ್ಯಾನ್ ತೆಗೆಯುವ ಕೆಲಸ; ಅಪ್ಪನನ್ನೂ ಅಲ್ಲಿಗೇ ಕರೆದೊಯ್ದೆ. ಇದಕ್ಕೆ ತೋಳಿನ ನರಕ್ಕೆ ಔಷಧಿ ಕೊಟ್ಟು, ಅದು ಒಳಗಿವಿಗೆ ಇಳಿಯುವವರೆಗೆ ನಾಲ್ಕು ತಾಸು ಕಾಯಬೇಕು.

ನಾನು ಏನಾದರೂ ಮೋಸ ಮಾಡಿಯೇನೆಂದು ದೊಡ್ಡಪ್ಪ ಕಾವಲಿಗೇ ಬಂದಿದ್ದರು. ಕಾಯುತ್ತಿದ್ದ ರೋಗಿಗಳಿಗೆಲ್ಲ ಕೇಳುವಂತೆ, "ಸೂಜಿ ಚುಚ್ಚಿ ನಾಲ್ಕು ತಾಸು ಯಾಕ ಕೂಡ್ಸೀಯವ್ವ? ಅಮಲು ಇಳೀಲಿ ಅಂತನಾ?" ಎಂದರು. ನಾಲ್ಕು ಜನ ನಕ್ಕರು. ಕೆಟ್ಟ ಕಿವಿಯ ಕಡೆಯಿಂದ ಬಂದ ಮಾತು, ಅಪ್ಪನಿಗೆ ಕೇಳಿಸಲಿಲ್ಲ. ಅವನೂ ಎಲ್ಲರ ಜೊತೆ ಸುಮ್ಮನೆ ನಕ್ಕ.

ಪರದೆಯ ಮೇಲೆ ಎಡಗಿವಿ ಸರಿಯಾಗಿತ್ತು. ಬಲಗಿವಿಯಲ್ಲಿ, ಬಸವನಹುಳುವಿನ ಚಿಪ್ಪಿನಂಥ ಆ ಸಣ್ಣ ಸುರುಳಿಯಲ್ಲಿ, ಔಷಧಿ ಸೇರಿ ಬೆಳ್ಳಗೆ ಕಾಣಬೇಕಾದ ಜಾಗವನ್ನು ಕಪ್ಪು ಒತ್ತಿಕೊಂಡಿತ್ತು. ಒಳಗಿವಿಯ ನೀರು ಹೆಚ್ಚಾಗಿ ಅದರ ಚೀಲ ಉಬ್ಬಿದೆ, ಆ ಕಪ್ಪು ಅದೇ, ಕಿವುಡೂ ತಲೆಸುತ್ತೂ ಅದರಿಂದಲೇ ಎಂದರು ಡಾಕ್ಟರು. ಎತ್ತರಕ್ಕೆ ಹತ್ತಿಸಬಾರದು, ಕೂತು ಮಾಡುವ ಕೆಲಸ ಕೊಡಬಹುದು ಎಂದು ಬರೆದು ಸಹಿ ಹಾಕಿದರು.

ಮರುದಿನ ಅದೇ ಗೇಟಿನಲ್ಲಿ, ಅದೇ ಕೆಲಸಗಾರರ ಮುಂದೆ, ಸರ್ಟಿಫಿಕೇಟನ್ನು ದೊಡ್ಡಪ್ಪನ ಕೈಗಿಟ್ಟೆ. ಅವರು ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು.

"ಸೋಮವಾರದಿಂದ ಬರ್ಲಿ ಬಿಡವ್ವ. ಕಿವಿದು ಕಿವಿಗಾತು. ಬಾಯಿ ಮಾತ್ರ ನಾನು ದಿನಾ ಮೂಸಿ ನೋಡೇ ಒಳಗೆ ಬಿಡೋದು."